ಸಂವತ್ಸರದ ಹೆಸರಿಗೆ ಅಂಜಬೇಕೇ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಆರು ವರ್ಷದ ಮಗಳು, ಎರಡು ವರ್ಷದ ಮಗ, ಜೊತೆಗೆ ಅತ್ತೆಯವರು. ಡಿಸೆಂಬರ್‌ನಲ್ಲಿ ನಮ್ಮ ಯಜಮಾನರ ಕೆಲಸ ಹೋಯಿತು. ಈಗ ಗೆಳೆಯರೊಬ್ಬರ ಜೊತೆ ಸಣ್ಣದಾಗಿ ಅಕೌಂಟ್ಸ್ ಆಫೀಸು ತೆರೆಯಬೇಕೆಂದಿದ್ದಾರೆ. ಆದರೆ ಬರುವ ಸಂವತ್ಸರದ ಹೆಸರು ‘ಪರಾಭವ’, ಅಂದರೆ ಸೋಲು, ಈ ವರ್ಷ ಹೊಸದೇನೂ ಬೇಡ ಎಂದು ಅತ್ತೆಯವರು ಹೇಳುತ್ತಿದ್ದಾರೆ. ಅವರಿಗೆ ಬರುವ ಕಾರ್ತಿಕಕ್ಕೆ ಅರವತ್ತು ತುಂಬುತ್ತದೆ. ಮಾವನವರು ಬೇಗ ಹೋದರು. ಅತ್ತೆಯವರೇ ಬಟ್ಟೆ ಹೊಲಿದು ಇಬ್ಬರು ಗಂಡುಮಕ್ಕಳನ್ನು ಓದಿಸಿದವರು. ಅವರ ಮಾತು ಮೀರಲು ಮನಸ್ಸಿಲ್ಲ. ಯಜಮಾನರು ಈ ಸಲ ಪಂಚಾಂಗ ಶ್ರವಣಕ್ಕೆ ಕೂರುವುದೇ ಇಲ್ಲ ಎನ್ನುತ್ತಾರೆ, ಕಳೆದ ವರ್ಷ ಕೇಳಿದ್ದೇ ಸಾಕಂತೆ. ಮಗಳು ಬೇವು ಮುಟ್ಟುವುದಿಲ್ಲ, ಬೆಲ್ಲ ಮಾತ್ರ ಕೊಡಬಹುದೇ? ಸಂಕಲ್ಪದಲ್ಲಿ ‘ಪರಾಭವ’ ಎಂದು ದಿನಾ ಹೇಳಲೇಬೇಕೇ? ನಾವು ಯುಗಾದಿ ಹೇಗೆ ಮಾಡಬೇಕು, ದಯವಿಟ್ಟು ತಿಳಿಸಿ.
– ಹೆಸರು ಬೇಡವೆಂದಿರುವ ಓದುಗರು, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಕಾಗದದ ಹಾಗೆಯೇ ಹತ್ತಾರು ಕಾಗದಗಳು ಈ ತಿಂಗಳು ಬಂದಿವೆ. ಎಲ್ಲರದೂ ಒಂದೇ ಅಂಜಿಕೆ. ನಿಮ್ಮ ಕಾಗದದಲ್ಲಿ ಮಾತ್ರ ಪ್ರಶ್ನೆಯ ಜೊತೆಗೆ ಉತ್ತರವೂ ಇದೆ, ನೀವು ಗಮನಿಸಿಲ್ಲ ಅಷ್ಟೆ. ಅದಕ್ಕೇ ನಿಮ್ಮದನ್ನೇ ಆರಿಸಿಕೊಂಡೆ.

ಮೊದಲು ಹೆಸರಿನ ವಿಚಾರ. ಪ್ರಭವದಿಂದ ಕ್ಷಯದವರೆಗೆ ಸಂವತ್ಸರಗಳು ಅರವತ್ತು. ಗುರುಗ್ರಹ ರಾಶಿಚಕ್ರವನ್ನು ಒಂದು ಸುತ್ತು ಬರಲು ಸುಮಾರು ಹನ್ನೆರಡು ವರ್ಷ. ಅಂಥ ಐದು ಸುತ್ತಿಗೆ ಅರವತ್ತು. ಈ ಸಾಲಿನಲ್ಲಿ ಮೂವತ್ತೊಂಬತ್ತನೆಯದು ಈಗ ಮುಗಿಯುತ್ತಿರುವ ವಿಶ್ವಾವಸು, ನಲವತ್ತನೆಯದು ಪರಾಭವ. ‘ಪರಾಭವ ಅಂದರೆ ಶತ್ರುಗಳ ಪರಾಭವ, ಪಾಪಗಳ ಪರಾಭವ’ ಎಂದು ಬಿಡಿಸಿ ಹೇಳಿ ಸಮಾಧಾನ ಮಾಡುವವರಿದ್ದಾರೆ. ಒಳ್ಳೆಯ ಮಾತೇ. ಆದರೆ ನಾನು ಅರ್ಥ ತಿರುಗಿಸಿ ನಿಮ್ಮ ಭಯ ಕಳೆಯುವುದಿಲ್ಲ. ಪರಾಭವ ಅಂದರೆ ಸೋಲು, ಹೌದು. ಹಾಗಾದರೆ ವಿಶ್ವಾವಸು ಅಂದರೆ? ಸಕಲ ಸಂಪತ್ತು ಉಳ್ಳದ್ದು. ಆ ಸಂಪತ್ತಿನ ಸಂವತ್ಸರದಲ್ಲಿಯೇ ಅಲ್ಲವೇ ನಿಮ್ಮ ಯಜಮಾನರ ಕೆಲಸ ಹೋದದ್ದು? ಆ ಹೆಸರು ಕಾಪಾಡಲಿಲ್ಲ ಎಂದ ಮೇಲೆ ಈ ಹೆಸರು ಕೆಡಿಸುತ್ತದೆ ಎನ್ನುವುದು ಯಾವ ನ್ಯಾಯ? ಒಂದು ವರ್ಷ ಕಾಯೋಣ ಅಂತೀರೋ, ಮುಂದಿನದು ಪ್ಲವಂಗ. ಪ್ಲವಂಗ ಅಂದರೆ ಕಪಿ! ಆಗೇನು ಮಾಡ್ತೀರಿ?

ಈಗ ನಿಮ್ಮ ಕಾಗದದಲ್ಲೇ ಇರುವ ಉತ್ತರ. ಅತ್ತೆಯವರಿಗೆ ಬರುವ ಕಾರ್ತಿಕಕ್ಕೆ ಅರವತ್ತು ತುಂಬುತ್ತದೆ ಎಂದಿರಿ. ಅಂದರೆ ಅವರು ಹುಟ್ಟಿದ್ದು 1966ರಲ್ಲಿ. ನಮ್ಮಲ್ಲಿ ಅರವತ್ತು ತುಂಬುವುದು ಅಂದರೆ ಹುಟ್ಟಿದ ಸಂವತ್ಸರವೇ ತಿರುಗಿ ಬರುವುದು. ಹಳೆಯ ಪಂಚಾಂಗ ಎಲ್ಲಾದರೂ ಸಿಕ್ಕಿದರೆ ತೆಗೆದು ನೋಡಿ, 1966ರ ಯುಗಾದಿಯಿಂದ 1967ರ ಯುಗಾದಿವರೆಗೆ ನಡೆದದ್ದು ಇದೇ ಪರಾಭವ ಸಂವತ್ಸರ. ನಿಮ್ಮ ಅತ್ತೆಯವರು ಪರಾಭವದಲ್ಲಿ ಹುಟ್ಟಿದವರು ತಾಯಿ. ಅವರ ಜಾತಕದ ಮೊದಲ ಸಾಲಿನಲ್ಲೇ ಆ ಹೆಸರಿರುತ್ತದೆ. ಆ ಹೆಸರು ಹೊತ್ತು ಹುಟ್ಟಿದ ಹೆಣ್ಣುಮಗಳು ಗಂಡನನ್ನು ಕಳೆದುಕೊಂಡು, ಹೊಲಿಗೆ ಯಂತ್ರ ತುಳಿದು, ಇಬ್ಬರನ್ನು ದಡ ಹತ್ತಿಸಿದರು. ಇದನ್ನು ಸೋಲು ಅಂತ ಯಾರು ಕರೀತಾರೆ?

ಇದನ್ನು ಅವರ ಜೊತೆ ವಾದ ಮಾಡುವುದಕ್ಕೆ ಬಳಸಬೇಡಿ. ಯುಗಾದಿಯ ದಿನ ಊಟ ಆದ ಮೇಲೆ ಅವರ ಪಕ್ಕ ಕುಳಿತು, ‘ಅತ್ತೆ, ಇದು ನೀವು ಹುಟ್ಟಿದ ಸಂವತ್ಸರವಂತೆ’ ಎಂದು ಹೇಳಿ. ಅಷ್ಟೇ ಸಾಕು. ಅವರು ಮಗನನ್ನು ತಡೆಯುತ್ತಿರುವುದು ಶಾಸ್ತ್ರದಿಂದಲ್ಲ, ಭಯದಿಂದ. ತಾವು ಪಟ್ಟದ್ದನ್ನು ಮಗ ಪಡಬಾರದು ಎನ್ನುವ ತಾಯಿಯ ಭಯ ಅದು. ಅದಕ್ಕೆ ಗೌರವ ಕೊಟ್ಟೇ ಮುಂದೆ ಹೋಗಿ. ಆಫೀಸು ತೆರೆಯುವ ದಿನ ದೀಪ ಹಚ್ಚುವುದು ಅವರ ಕೈಯಲ್ಲೇ ಆಗಲಿ. ಕಾರ್ತಿಕದಲ್ಲಿ ಅವರ ಜನ್ಮನಕ್ಷತ್ರದ ದಿನ ಶಕ್ತಿಯಿದ್ದರೆ ಒಂದು ಆಯುಷ್ಯ ಹೋಮ ಮಾಡಿಸಿ, ಇಲ್ಲವೇ ದೇವಸ್ಥಾನದಲ್ಲಿ ಅವರ ಹೆಸರಿನಲ್ಲಿ ಅರ್ಚನೆ ಮಾಡಿಸಿ.

ಶಾಸ್ತ್ರ ತಡೆಯುವ ಕಾಲ ಬೇರೆ ಇದೆ, ಅದನ್ನು ಗಮನಿಸಿ. ಈ ವರ್ಷ ಅಧಿಕ ಜ್ಯೇಷ್ಠ ಬರುತ್ತದೆ, ಮೇ 17ರಿಂದ ಜೂನ್ 15ರವರೆಗೆ. ಆ ತಿಂಗಳು ದಾನ, ಜಪ, ಪಾರಾಯಣಕ್ಕೆ ಒಳ್ಳೆಯದು. ಹೊಸ ಆರಂಭಕ್ಕೆ ಬೇಡ. ಅದನ್ನು ಬಿಟ್ಟು, ಯಜಮಾನರ ನಕ್ಷತ್ರಕ್ಕೆ ತಾರಾಬಲವಿರುವ ದಿನವನ್ನು ನಿಮ್ಮ ಪುರೋಹಿತರಿಂದ ಗೊತ್ತುಮಾಡಿಸಿಕೊಳ್ಳಿ.

ಸಂಕಲ್ಪದಲ್ಲಿ ಹೆಸರು ಹೇಳಬೇಕೇ ಎಂದು ಕೇಳಿದ್ದೀರಿ. ಹೇಳಲೇಬೇಕು. ಸಂಕಲ್ಪ ಅಂದರೆ ದೇವರಿಗೆ ಬರೆಯುವ ಕಾಗದದ ವಿಳಾಸ ಇದ್ದ ಹಾಗೆ. ಯಾವ ದೇಶ, ಯಾವ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ – ನಾನು ಇಲ್ಲಿದ್ದೇನೆ, ಈಗ ಇದ್ದೇನೆ ಎಂದು ಹೇಳಿಕೊಳ್ಳುವುದು. ರಸ್ತೆಯ ಹೆಸರು ಚೆನ್ನಾಗಿಲ್ಲ ಎಂದು ವಿಳಾಸದಲ್ಲಿ ಅದನ್ನು ಬಿಟ್ಟು ಬರೆದರೆ ಕಾಗದ ತಲುಪುತ್ತದೆಯೇ? ‘ಪರಾಭವನಾಮ ಸಂವತ್ಸರೇ’ ಎಂದು ಗಟ್ಟಿಯಾಗಿಯೇ ಹೇಳಿ. ಇನ್ನೊಂದು ವಿಷಯ. ಸಂಕಲ್ಪ ಮುಗಿಯುವುದು ‘ಕರಿಷ್ಯೇ’ ಎಂಬ ಮಾತಿನಿಂದ. ‘ಮಾಡುತ್ತೇನೆ’ ಎಂದರ್ಥ. ‘ಆಗಲಿ’ ಎಂದಲ್ಲ, ‘ಕೊಡು’ ಎಂದೂ ಅಲ್ಲ. ಹೊಸ ವರ್ಷದ ಆಸೆಗಳಿಗೂ ಸಂಕಲ್ಪಕ್ಕೂ ಇರುವ ವ್ಯತ್ಯಾಸ ಅದೇ.

ಇನ್ನು ಪಂಚಾಂಗ ಶ್ರವಣ. ನಿಮ್ಮ ಯಜಮಾನರ ಬೇಸರ ನನಗೆ ಅರ್ಥವಾಗುತ್ತದೆ. ಆಯ ಕಡಿಮೆ, ವ್ಯಯ ಹೆಚ್ಚು ಎಂದು ಓದಿಸಿಕೊಂಡು ಹಬ್ಬದ ಹೋಳಿಗೆ ಯಾರಿಗೆ ರುಚಿಸುತ್ತದೆ? ಆದರೆ ಯೋಚಿಸಿ. ರಾಶಿಗಳು ಹನ್ನೆರಡು. ಒಂದೊಂದು ರಾಶಿಯಲ್ಲೂ ಕೋಟಿಗಟ್ಟಲೆ ಜನ. ಅಂಗಡಿಯ ಸಾಹುಕಾರನಿಗೂ ಅದೇ ಅಂಕಿ, ಅವನ ಮೂಟೆ ಹೊರುವವನಿಗೂ ಅದೇ ಅಂಕಿ. ಒಬ್ಬರ ಜೀವನದ ಫಲವನ್ನು ಜಾತಕದಲ್ಲಿ ದಶೆ ಭುಕ್ತಿ ನೋಡಿ ಹೇಳಬೇಕೇ ಹೊರತು ಈ ಎರಡು ಅಂಕಿಗಳಿಂದಲ್ಲ. ನಲವತ್ತು ವರ್ಷದಿಂದ ಪಂಚಾಂಗ ಓದುತ್ತಿರುವ ನಾನೇ ಇದನ್ನು ಹೇಳುತ್ತಿದ್ದೇನೆ.

ಹಾಗಾದರೆ ಯಾಕೆ ಕೇಳಬೇಕು? ಪಾಠಶಾಲೆ ಮುಗಿಸಿ ಊರಿಗೆ ಬಂದ ವರ್ಷ, ದೇವಸ್ಥಾನದ ಜಗಲಿಯ ಮೇಲೆ ನನ್ನನ್ನು ಮೊದಲ ಸಲ ಪಂಚಾಂಗ ಓದಲು ಕೂರಿಸಿದರು. ಆ ವರ್ಷದ ಮಳೆಯ ಫಲದಲ್ಲಿ ಕೊಳಗ ಕಡಿಮೆ ಇತ್ತು. ಹೊಸ ಹುಡುಗ ನಾನು, ಹೇಳುವಾಗ ದನಿ ಇಳಿಯಿತು. ಎದುರಿಗೆ ಕೂತಿದ್ದ ವಯಸ್ಸಾದ ಗೌಡರೊಬ್ಬರು, ‘ಯಾಕ್ ಸ್ವಾಮಿ ಮೆಲ್ಲಕೆ ಓದ್ತೀರಾ? ಕಮ್ಮಿ ಅಂದ್ರೆ ಕಮ್ಮಿ. ಕೆಳಗ್ಲ ಗದ್ದೆಗೆ ಈ ಸಲ ಭತ್ತ ಬ್ಯಾಡ, ರಾಗಿ ಹುರುಳಿ ಹಾಕಾಣ. ಹೊನ್ನಾರಿಗೆ ವೇಳೆ ಎಷ್ಟೊತ್ತಿಗೆ, ಅದು ಹೇಳಿ’ ಎಂದರು. ಹೊನ್ನಾರು ಅಂದರೆ ಯುಗಾದಿಗೆ ಎತ್ತಿಗೆ ಪೂಜೆ ಮಾಡಿ ಹೊಲದಲ್ಲಿ ವರ್ಷದ ಮೊದಲ ಸಾಲು ಹೊಡೆಯುವುದು. ಮಳೆ ಕಡಿಮೆ ಎಂದು ಕೇಳಿದ ಮನುಷ್ಯ ನೇಗಿಲು ಮೂಲೆಗಿಡಲಿಲ್ಲ, ಬೀಜ ಬದಲಾಯಿಸಿದ. ಪಾಠಶಾಲೆಯಲ್ಲಿ ಕಲಿಯದ ಜ್ಯೋತಿಷ್ಯವನ್ನು ನಾನು ಅವತ್ತು ಆ ಜಗಲಿಯಲ್ಲಿ ಕಲಿತೆ.

ಆದ್ದರಿಂದ ನಿಮ್ಮ ಯಜಮಾನರೇ ಪಂಚಾಂಗ ಹಿಡಿದು ಓದಲಿ, ನೀವೆಲ್ಲ ಕೇಳಿ. ಯುಗಾದಿ ಯಾವ ವಾರವೋ ಆ ವಾರಾಧಿಪತಿ ವರ್ಷಕ್ಕೆ ರಾಜ. ಈ ಸಲ ಗುರುವಾರ, ಹಾಗಾಗಿ ರಾಜ ಗುರು ಎಂದು ಮಕ್ಕಳಿಗೆ ಕಥೆಯ ಹಾಗೆ ಹೇಳಿ. ಆ ದಿನದ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಓದಲಿ. ತಿಥಿಯಿಂದ ಸಂಪತ್ತು, ವಾರದಿಂದ ಆಯುಸ್ಸು, ನಕ್ಷತ್ರದಿಂದ ಪಾಪನಾಶ, ಯೋಗದಿಂದ ರೋಗನಾಶ, ಕರಣದಿಂದ ಕಾರ್ಯಸಿದ್ಧಿ ಎಂದು ಹಿರಿಯರು ಹೇಳಿದ್ದಾರೆ. ವ್ಯಯ ಹೆಚ್ಚು ಎಂದು ಬಂದರೆ ಸಂಜೆ ಗಂಡ ಹೆಂಡತಿ ಕೂತು ಮನೆಯ ಖರ್ಚಿನ ಪಟ್ಟಿ ಮಾಡಿ. ಸ್ಕೂಲ್ ಫೀಸು ಎಷ್ಟು, ಬಾಡಿಗೆ ಎಷ್ಟು, ಆಫೀಸಿನಿಂದ ವರಮಾನ ಬರುವವರೆಗೆ ಎಷ್ಟು ತಿಂಗಳು ತಡೆಯಬಲ್ಲಿರಿ. ಅಕೌಂಟ್ಸ್ ಬಲ್ಲವರಿಗೆ ನಾನು ಹೇಳಿಕೊಡಬೇಕೇ? ಅದೇ ನಿಮ್ಮ ಹೊನ್ನಾರು.

ಬೇವು ಬೆಲ್ಲದ ವಿಷಯ. ಬೇವು ತಿನ್ನುವಾಗ ಹೇಳುವ ಶ್ಲೋಕವೊಂದಿದೆಯಲ್ಲ, ನೂರು ವರ್ಷದ ಆಯುಸ್ಸು, ವಜ್ರದಂಥ ದೇಹ, ಸಕಲ ಸಂಪತ್ತು, ಅರಿಷ್ಟಗಳ ನಾಶ ಎಂದು ಫಲ ಹೇಳುವುದು, ಅದನ್ನು ಗಮನಿಸಿ. ಅಲ್ಲಿ ಬೆಲ್ಲದ ಮಾತೇ ಇಲ್ಲ. ಅಷ್ಟೂ ಫಲವನ್ನು ಹೇಳಿರುವುದು ಬೇವಿಗೆ. ಬೆಲ್ಲ ಬಂದದ್ದು ಬೇವು ಗಂಟಲಲ್ಲಿ ಇಳಿಯಲಿ ಎಂದು. ಹಾಗಾಗಿ ಬೆಲ್ಲ ಮಾತ್ರ ಕೊಡುವುದು ಬೇಡ. ಆದರೆ ಮಗುವಿಗೆ ಬಲವಂತವೂ ಬೇಡ. ಬೇವಿನ ಹೂವಿನ ಒಂದು ಎಸಳು ಸಾಕು, ಬೆಲ್ಲದ ಚೂರಿನೊಳಗೆ ಇಟ್ಟು ಕೊಡಿ. ಬಚ್ಚಿಟ್ಟು ಕೊಡಬೇಡಿ, ‘ಒಳಗೆ ಕಹಿ ಇದೆ ಕಂದಾ, ಅಪ್ಪನೂ ತಿಂತಾರೆ, ಅಜ್ಜಿಯೂ ತಿಂತಾರೆ’ ಎಂದು ಹೇಳಿಯೇ ಕೊಡಿ. ಚಿಕ್ಕವನಿಗೆ ತುಟಿಗೆ ಮುಟ್ಟಿಸಿದರೆ ಆಯಿತು. ಅಪ್ಪನ ಕೆಲಸ ಹೋಗಿದೆ ಎನ್ನುವುದು ಆರು ವರ್ಷದ ಮಗುವಿಗೆ ಗೊತ್ತಿಲ್ಲ ಎಂದು ತಿಳಿಯಬೇಡಿ. ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ. ದೊಡ್ಡವರು ಕಹಿಯನ್ನು ಮುಖ ಸಿಂಡರಿಸದೆ ನುಂಗುವುದನ್ನು ಅದು ನೋಡಲಿ.

ಇನ್ನು ಆ ದಿನದ ಕ್ರಮ. ಈ ಸಲ ಯುಗಾದಿ ಮಾರ್ಚ್ 19, ಗುರುವಾರ. ದೃಗ್ಗಣಿತದ ಪ್ರಕಾರ ಅಂದು ಬೆಳಗ್ಗೆ ಏಳಕ್ಕೆ ಸ್ವಲ್ಪ ಮುಂಚೆ ಅಮಾವಾಸ್ಯೆ ಮುಗಿದು ಪಾಡ್ಯ ಬರುತ್ತದೆ, ಮರುದಿನ ಸೂರ್ಯೋದಯಕ್ಕೆ ಮುನ್ನವೇ ಮುಗಿದುಹೋಗುತ್ತದೆ. ಆದ್ದರಿಂದ ಹಬ್ಬ 19ಕ್ಕೇ. ಎಣ್ಣೆಸ್ನಾನವನ್ನು ಏಳು ಗಂಟೆಯ ಮೇಲೆ ಇಟ್ಟುಕೊಳ್ಳಿ. ಬಾಗಿಲಿಗೆ ಮಾವಿನ ತೋರಣ, ಹೊಸಿಲಿಗೆ ರಂಗೋಲಿ. ದೇವರ ಮುಂದೆ ಎಣ್ಣೆಬಟ್ಟಲು ಇಟ್ಟು, ಅತ್ತೆಯವರು ಎಲ್ಲರ ನೆತ್ತಿಗೂ ಎಣ್ಣೆ ಮುಟ್ಟಿಸಲಿ. ಮೊದಲು ಮಗನಿಗೆ. ಸ್ನಾನವಾದ ಮೇಲೆ ಮಡಿಬಟ್ಟೆ. ಹೊಸ ಬಟ್ಟೆಗೆ ಈ ವರ್ಷ ಅನುಕೂಲವಿಲ್ಲದಿದ್ದರೆ ಒಗೆದು ಮಡಿಸಿಟ್ಟದ್ದೇ ಆಗಬಹುದು, ದೋಷವಿಲ್ಲ. ಪಂಚಾಂಗಕ್ಕೂ ಅರಿಶಿನ ಕುಂಕುಮ ಇಟ್ಟು ಪೂಜೆ, ಸಂಕಲ್ಪ, ಬೇವು ಬೆಲ್ಲ, ಶ್ರವಣ, ನಂತರ ಹೋಳಿಗೆ ಊಟ. ಹೋಳಿಗೆ ಆಗದಿದ್ದರೆ ಪಾಯಸ. ಸಾಲ ಮಾಡಿ ಹಬ್ಬ ಮಾಡಿ ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಊಟವಾದ ಮೇಲೆ ಪಂಚಾಂಗದ ಕೊನೆಯ ಖಾಲಿ ಹಾಳೆಯಲ್ಲಿ ಮನೆಯವರೆಲ್ಲ ಒಂದೊಂದು ‘ಕರಿಷ್ಯೇ’ ಬರೆಯಿರಿ. ಈ ವರ್ಷ ನಾನು ಇದನ್ನು ಮಾಡುತ್ತೇನೆ ಎಂದು, ಒಂದೇ ಸಾಲು. ಮಗಳೂ ಬರೆಯಲಿ. ಮುಂದಿನ ಯುಗಾದಿಗೆ ತೆಗೆದು ಓದಿ.

ಶುಕ್ರವಾರ ಸಂಜೆ ಎಲ್ಲರೂ ಮಹಡಿಗೆ ಹೋಗಿ ಪಶ್ಚಿಮಕ್ಕೆ ನೋಡಿ. ಬಿದಿಗೆಯ ಚಂದ್ರ, ಉಗುರಿನಷ್ಟು ತೆಳ್ಳಗೆ ಕಾಣುತ್ತಾನೆ. ಹಿಂದಿನ ದಿನ ಅವನೂ ಪೂರ್ತಿ ಇಲ್ಲವಾಗಿದ್ದವನೇ. ಅವನಿಗೆ ಕೈ ಮುಗಿದು, ಕೆಳಗೆ ಬಂದು, ಪರಾಭವದಲ್ಲಿ ಹುಟ್ಟಿ ಗೆದ್ದ ಆ ತಾಯಿಯ ಕಾಲಿಗೆ ಇಬ್ಬರೂ ನಮಸ್ಕಾರ ಮಾಡಿ. ಆಫೀಸು ತೆರೆಯಲು ಅದಕ್ಕಿಂತ ದೊಡ್ಡ ಆಶೀರ್ವಾದ ನನ್ನಿಂದ ಕೊಡಲಾಗದು.

ಶುಭಮಸ್ತು.