ತೋರಣಗಲ್ಲಿಗೆ ಹೋಗುವ ಮುಂಚೆ

ನಮ್ಮ ಮನೆಯವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಆಯಿತೆಂದು ಗೊತ್ತಾದಾಗಿನಿಂದ ಧಾರವಾಡದ ನಮ್ಮ ಬಳಗದವರು ಕೇಳಿದ್ದು ಒಂದೇ ಮಾತು: “ಮನಿ ಎಲ್ಲಿ ಮಾಡ್ತೀರಿ?” ತೋರಣಗಲ್ಲು ಬಳ್ಳಾರಿಗೂ ಹೊಸಪೇಟೆಗೂ ಹೆಚ್ಚುಕಡಿಮೆ ನಡುವೆ ಇದೆ, ಎರಡೂ ಕಡೆಗೆ ಸುಮಾರು 30 ಕಿಲೋಮೀಟರ್. ಗುಡ್ಡಗಳ ಆಚೆ ಸಂಡೂರು. ಕಾರ್ಖಾನೆಯ ಮಗ್ಗುಲಲ್ಲೇ ಅದರದೇ ಕಾಲೊನಿ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಬಳ್ಳಾರಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆ ಇದೆ, ಅಲ್ಲೇ ಇರಿ ಎಂದರು ಒಬ್ಬರು. ಬಳ್ಳಾರಿಯ ಬಿಸಿಲು ಮುದುಕರು ತಡೆಯುವಂಥದಲ್ಲ, ಹೊಸಪೇಟೆ ನೋಡಿ, ತುಂಗಭದ್ರೆಯ ಕಾಲುವೆ ಇದೆ, ಬಾಳೆತೋಟಗಳಿವೆ, 2021ರಿಂದ ಜಿಲ್ಲಾ ಕೇಂದ್ರವೂ ಆಗಿದೆ ಎಂದರು ಇನ್ನೊಬ್ಬರು. ಮಳೆಗಾಲದಲ್ಲಿ ಸಂಡೂರು ನೋಡಿದವರು ಬೇರೆ ಊರಿಗೆ ಮನಸ್ಸು ಮಾಡುವುದಿಲ್ಲವೆಂದು ಮತ್ತೊಬ್ಬರು. ಅದಿರಿನ ಲಾರಿಗಳ ಕೆಂಧೂಳಿನ ಸುದ್ದಿ ಅವರು ಎತ್ತಲಿಲ್ಲ. ಕಾಲೊನಿಯನ್ನು ಮಾತ್ರ ಯಾರೂ ಹೇಳಲಿಲ್ಲ. “ಅಲ್ಲಿ ನಮ್ಮವರಂತ ಯಾರದಾರ?”

ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅತ್ತೆ ಇರುವ ಸಂಸಾರಕ್ಕೆ ಆಸ್ಪತ್ರೆ, ನೀರು, ಶಾಲೆ ನೋಡದೆ ಹೊರಡಲಾಗುವುದಿಲ್ಲ. ಆದರೆ ನನ್ನೊಳಗೆ ಬೇರೊಂದು ಪ್ರಶ್ನೆ ಎದ್ದು ಕೂತಿತ್ತು. ನಾನು ಲಿಂಗ ಕಟ್ಟಿದವಳು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಸ್ಥಾವರ ಅಳಿಯುತ್ತದೆ, ಚಲಿಸುವುದು ಉಳಿಯುತ್ತದೆ ಎಂಬ ವಚನದ ಅರ್ಥವನ್ನು ವರ್ಷವರ್ಷವೂ ಮಕ್ಕಳಿಗೆ ಬಿಡಿಸಿ ಹೇಳಿದವಳು. ದೇವರನ್ನು ಅಂಗೈಯಲ್ಲಿ ಇಟ್ಟುಕೊಂಡವರಿಗೆ ಒಂದು ಊರು ಇನ್ನೊಂದಕ್ಕಿಂತ ಹೇಗೆ ಹೆಚ್ಚಾಗುತ್ತದೆ? ಒಳ್ಳೆಯ ಜಾಗ ಹುಡುಕುತ್ತ ಅಲೆಯುವುದು ಬರೀ ಸಂಸಾರದ ಜಾಣತನವೋ, ಅದರಲ್ಲಿ ಧರ್ಮದ ಮಾತೂ ಇದೆಯೋ?

ಇದೆ ಎಂದೇ ಹಿಂದಿನವರು ತಿಳಿದಿದ್ದರು. ಸಾಹುಕಾರ, ವೇದ ಬಲ್ಲವನು, ಅರಸ, ನದಿ, ವೈದ್ಯ, ಈ ಐವರಿಲ್ಲದ ಊರಲ್ಲಿ ಒಂದು ದಿನವೂ ಇರಬಾರದೆಂದು ಚಾಣಕ್ಯನ ಹೆಸರಿನ ನೀತಿ ಹೇಳುತ್ತದೆ. ನಮ್ಮ ಬಳಗದವರ ಸಲಹೆಯೂ ಇದೇ ದಾರಿಯದು. ಬೌದ್ಧರ ಮಂಗಲ ಸುತ್ತ ತಕ್ಕ ಊರಲ್ಲಿ ವಾಸ ಮಾಡುವುದನ್ನು ದೊಡ್ಡ ಮಂಗಳಗಳಲ್ಲಿ ಎಣಿಸುತ್ತದೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಜೈನ ಮುನಿಗಳ ಚಾತುರ್ಮಾಸ. ವರ್ಷವಿಡೀ ನಡೆಯುವವರು ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುತ್ತಾರೆ, ಮಳೆಗೆ ಹುಟ್ಟಿದ ಹುಳುಹುಪ್ಪಟೆ ಕಾಲಡಿ ಸಾಯಬಾರದೆಂದು. ಎಲ್ಲಿ ಇರಬೇಕು ಎಂಬುದನ್ನು ಇನ್ನೊಂದು ಜೀವದ ಲೆಕ್ಕ ಹಿಡಿದು ತೀರ್ಮಾನಿಸುವವರು ಅವರು. ಬಾಡಿಗೆ ಮನೆ ಹುಡುಕುವಾಗ ಆ ಲೆಕ್ಕ ನಮ್ಮ ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ.

ಬಸವಣ್ಣನವರೂ ಕೆಲಸಕ್ಕಾಗಿ ಊರು ಬಿಟ್ಟವರೇ. ಬಾಗೇವಾಡಿಯಿಂದ ಕೂಡಲಸಂಗಮಕ್ಕೆ, ಅಲ್ಲಿಂದ ಬಿಜ್ಜಳನ ಕರಣಿಕರಾಗಿ ಮಂಗಳವೇಡೆಗೆ, ಆಮೇಲೆ ಕಲ್ಯಾಣಕ್ಕೆ. ಆ ಕಲ್ಯಾಣವೂ ಹೊರಗಿನಿಂದ ಬಂದವರಿಂದ ತುಂಬಿದ ಊರು. ಅಲ್ಲಮ ಬಳ್ಳಿಗಾವಿಯವರು, ಅಕ್ಕ ಉಡುತಡಿಯವರು. ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರಿದರೆಂದು ಪರಂಪರೆ ಹೇಳುತ್ತದೆ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಬಂದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವರು ಬೇಕಾದದ್ದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದರು. ಅನ್ನ ಇರುವ ಊರಿಗೆ ಬಂದು ನೆಲೆಸಿದ್ದು ತಪ್ಪೆಂದು ಆಕೆ ಎಂದೂ ಹೇಳಲಿಲ್ಲ. ಹೊಸ್ತಿಲೊಳಗೆ ಏನು ಬರಬಹುದು, ಏನು ಬರಬಾರದು ಎಂಬುದೊಂದನ್ನೇ ಕಟ್ಟುನಿಟ್ಟಾಗಿ ನೋಡಿಕೊಂಡರು.

ಈ ಕಥೆಯನ್ನು ನಾನು ಪಾಠದಲ್ಲಿ ದುರಾಸೆಯ ವಿಷಯವಾಗಿ ಹೇಳುತ್ತಿದ್ದೆ. ಅದು ಮನೆ ಹುಡುಕುವವರಿಗೂ ಹೇಳಿದ ಮಾತು ಎಂದು ಅರಿವಾದದ್ದು ಬಳ್ಳಾರಿಯಲ್ಲಿ.

ಅಲ್ಲಿ ನೋಡಿದ ಮನೆ ಚೆನ್ನಾಗಿತ್ತು. ನೆಲಮಾಳಿಗೆಯಲ್ಲ, ಮಹಡಿಯೂ ಅಲ್ಲ. ಅತ್ತೆಗೆ ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಹಿತ್ತಲಲ್ಲಿ ಬೇವಿನ ಮರ, ಬಾಗಿಲ ಪಕ್ಕ ಕುಳಿತುಕೊಳ್ಳಲು ಕಟ್ಟೆ. ಧಾರವಾಡ ಬಿಡುವಾಗ ಅತ್ತೆ ಕೇಳಿದ್ದು ಅದೊಂದೇ: “ಕುಂದ್ರಾಕ ಕಟ್ಟಿ ಐತೇನ ನೋಡ್ರಿ.” ಮಾಲೀಕರು ಮೆತ್ತಗಿನ ಮನುಷ್ಯ. ಕುರ್ಚಿ ಹಾಕಿ ಕೂರಿಸಿ, ನೀರು ಕೊಟ್ಟು, ಬಿಸಿಲಲ್ಲಿ ಬಂದಿರಿ ಎಂದು ಫ್ಯಾನ್ ಜೋರು ಮಾಡಿದರು. ನಲ್ಲಿ ನೀರು ಯಾವಾಗ ಬರುತ್ತದೆ, ಅಡ್ವಾನ್ಸ್ ಎಷ್ಟು, ಎಲ್ಲ ಹೇಳಿದರು. ಆಮೇಲೆ ದನಿ ತಗ್ಗಿಸಿ, “ಯಾವ ಮಂದಿ ನೀವು?” ಎಂದರು. ನಮ್ಮ ಮನೆಯವರು ಲಿಂಗಾಯತರು ಎಂದರು. “ಅದು ಗೊತ್ತಾತು, ಹಣಿ ಮ್ಯಾಲಿನ ವಿಭೂತಿ ಕಾಣಸ್ತೈತಿ. ಲಿಂಗಾಯತರಾಗ ಯಾರು?” ಅದಕ್ಕೂ ಉತ್ತರ ಸಿಕ್ಕ ಮೇಲೆ ಅವರ ಮುಖ ಹಗುರಾಯಿತು, ಬಾಡಿಗೆಯಲ್ಲಿ ಐದುನೂರು ಕಡಿಮೆ ಮಾಡಿದರು.

ಆ ಐದುನೂರು ರೂಪಾಯಿ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ನಮ್ಮವರ ಜೊತೆಗೇ ಕೆಲಸಕ್ಕೆ ಸೇರಿದ ಇಂಜಿನಿಯರ್ ಒಬ್ಬರಿದ್ದಾರೆ, ಚಿತ್ರದುರ್ಗದ ಕಡೆಯವರು, ದಲಿತರು. ಅದೇ ದರ್ಜೆ, ಅದೇ ಸಂಬಳ, ನಮ್ಮಷ್ಟೇ ದೊಡ್ಡ ಸಂಸಾರ. ಅದೇ ವಾರ ಅದೇ ಮನೆಗೆ ಅವರೂ ಹೋಗಿದ್ದರು. ಈಗಷ್ಟೇ ಬೇರೆಯವರಿಗೆ ಮಾತು ಕೊಟ್ಟಾಯಿತು ಎಂದು ಅವರನ್ನು ಬಾಗಿಲಲ್ಲೇ ಕಳಿಸಿದ್ದರು. ಊಟದ ಹೊತ್ತಿನಲ್ಲಿ ಬೀದಿಯ ಗುರುತು ಹೇಳಿಕೊಳ್ಳುವಾಗ ಇಬ್ಬರಿಗೂ ತಿಳಿದದ್ದು.

ಅಂಬೇಡ್ಕರ್ ಅವರು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ನಡೆದದ್ದನ್ನು ಓದಿದವರಿಗೆ ಇದು ಹೊಸದಲ್ಲ. ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದವರಿಗೆ ಇಡೀ ಊರಲ್ಲಿ ತಲೆ ಇಡಲು ಜಾಗ ಸಿಗಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಇದ್ದರು. ಕೆಲವೇ ದಿನಗಳಲ್ಲಿ ಗುಟ್ಟು ಹೊರಬಿದ್ದು, ಬಡಿಗೆ ಹಿಡಿದು ಬಂದವರು ಅವರನ್ನು ಹೊರಹಾಕಿದರು. ಗೆಳೆಯರ ಮನೆಯಲ್ಲೂ ಆಸರೆ ಸಿಗದೆ, ಸಾರ್ವಜನಿಕ ತೋಟದಲ್ಲಿ ಕೂತು ಹೊತ್ತು ಕಳೆದು ರೈಲು ಹತ್ತಿ ಮುಂಬಯಿಗೆ ಮರಳಿದರು. ಮುಂದೆ ಅವರೇ ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನದ 19ನೆಯ ವಿಧಿ, ದೇಶದ ಯಾವ ಭಾಗದಲ್ಲಾದರೂ ವಾಸಿಸುವ, ನೆಲೆಸುವ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. ಸರಕಾರ ಆ ಹಕ್ಕನ್ನು ಮನಬಂದಂತೆ ತಡೆಯಲಾರದು. ದನಿ ತಗ್ಗಿಸಿ ಕೇಳುವ ಒಂದು ಪ್ರಶ್ನೆ ತಡೆಯುತ್ತದೆ.

ಆ ಮನೆ ಬೇಡವೆಂದೆ. ಮನೆಯಲ್ಲಿ ಒಪ್ಪದವರು ಅತ್ತೆಯೊಬ್ಬರೇ. “ಕೇಳಿದ್ರ ಏನಾತು? ಹೇಳಿ ಒಳಗ ಹೋಗೂದು. ನಾವು ಬಿಟ್ಟಿದ್ದಕ್ಕ ಆ ಮನಿ ಅವರಿಗೆ ಸಿಕ್ತೇನು?” ಸಿಗಲಿಲ್ಲ, ನಮ್ಮಂಥವರೇ ಇನ್ಯಾರೋ ಬಂದರು. ಮಾಲೀಕರಿಗೆ ಒಂದು ತಿಂಗಳ ಬಾಡಿಗೆಯೂ ತಪ್ಪಲಿಲ್ಲ. ಅತ್ತೆಯ ಮಾತಿನಲ್ಲಿ ತೂಕವಿದೆ ಎಂದು ನನಗೆ ಗೊತ್ತು. ಆದರೆ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಅಕ್ಕಿಯಿಂದಲೂ ಬಸವಣ್ಣನವರ ಕಣಜ ತುಂಬಲಿಲ್ಲ. ಅದು ಮಹಾಮನೆಗೆ ಬೇಕಾಗಿಯೂ ಇರಲಿಲ್ಲ. ತನ್ನ ಮನೆಯಲ್ಲಿ ಬೇಯುವ ಅನ್ನ ಯಾವುದು ಎಂಬುದಷ್ಟೇ ಆಕೆಯ ಕೈಯಲ್ಲಿದ್ದದ್ದು. ನಾವು ದುಡಿದ ಸಂಬಳಕ್ಕೆ ಸಿಗುವ ಮನೆ ನಮ್ಮ ಕಾಯಕದ್ದು. ಹುಟ್ಟಿನಿಂದಾಗಿ ಸಿಗುವ ಮನೆ, ಹುಟ್ಟಿನಿಂದಾಗಿ ಕಡಿಮೆಯಾಗುವ ಐದುನೂರು, ಇವು ನಾವು ದುಡಿಯದೆ ಬಂದದ್ದು. ಬಂದವರ ಕುಲ ಕೇಳಬಾರದೆಂದವರ ಹೆಸರು ಹೇಳಿಕೊಂಡು, ಆ ಹೆಸರನ್ನೇ ಕುಲವಾಗಿ ತೋರಿಸಿ ಬಾಗಿಲು ತೆರೆಸಿಕೊಳ್ಳುವುದು ನನಗೆ ಸಹಿಸಲಾಗಲಿಲ್ಲ. ಅಂಥ ಮನೆಯ ದೇವರ ಗೂಡಿನ ಮುಂದೆ ಕೂತು ಲಿಂಗ ಪೂಜೆ ಹೇಗೆ ಮಾಡಲಿ?

ಹೀಗೆ ಯಾರೂ ಹೇಳದ ಕಾಲೊನಿಗೆ ಬಂದೆವು. ಇಲ್ಲಿ ಮನೆ ಕೊಡುವುದು ದರ್ಜೆ ನೋಡಿ, ಸರದಿ ನೋಡಿ. ಅರ್ಜಿ ತುಂಬುವಾಗ ನಮ್ಮವರನ್ನು ಯಾವ ಮಂದಿ ಎಂದು ಯಾರೂ ಕೇಳಲಿಲ್ಲ. ಚಿತ್ರದುರ್ಗದವರ ಮನೆಗೂ ನಮ್ಮ ಮನೆಗೂ ನಡುವೆ ಎರಡೇ ಬಾಗಿಲು. ದರ್ಜೆಯ ಮೇಲುಕೀಳು ಇಲ್ಲೂ ಇದೆ. ಗುತ್ತಿಗೆಯ ಕೆಲಸಗಾರರು ಸುತ್ತಲಿನ ಹಳ್ಳಿಗಳಲ್ಲಿ ಒಂದು ಕೋಣೆಯಲ್ಲಿ ನಾಲ್ಕೈದು ಜನ ಇರುತ್ತಾರೆ, ಬೆಳಗಿನ ಪಾಳಿಗೆ ಟಿಫಿನ್ ಡಬ್ಬಿ ಹಿಡಿದು ಗೇಟಿನತ್ತ ಸಾಲಾಗಿ ನಡೆಯುವುದನ್ನು ನೋಡುತ್ತೇನೆ. ಅದನ್ನು ಮರೆತು ಇದನ್ನೇ ಕಲ್ಯಾಣ ಎನ್ನಲಾರೆ.

ಈ ಆಯ್ಕೆಗೆ ಬೆಲೆಯೂ ಇದೆ, ಅದನ್ನು ಹೆಚ್ಚಾಗಿ ಕೊಡುತ್ತಿರುವವರು ಮಕ್ಕಳು, ಅತ್ತೆ. ಮಕ್ಕಳ ಆಟವೆಲ್ಲ ಹಿಂದಿಯಲ್ಲಿ ನಡೆಯುತ್ತದೆ. ಮಗನ ಕನ್ನಡ ದಿನದಿನಕ್ಕೆ ತೆಳುವಾಗುತ್ತಿದೆ, ಅದನ್ನು ನೋಡುವುದು ಕನ್ನಡ ಕಲಿಸಿದವಳಿಗೆ ಸುಲಭವಲ್ಲ. ರಾತ್ರಿ ಊಟವಾದ ಮೇಲೆ ಅವನನ್ನು ಕೂರಿಸಿಕೊಂಡು ಓದಿಸುತ್ತೇನೆ. ಅತ್ತೆಗೆ ಕಟ್ಟೆ ಇಲ್ಲ, ಹೊಂಗೆ ಮರದ ಕೆಳಗೆ ಸಿಮೆಂಟಿನ ಬೆಂಚು ಇದೆ. ಸಂಜೆ ಅಲ್ಲಿಗೆ ಒಡಿಶಾದ ಒಬ್ಬ ಅಜ್ಜಿ ಬರುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಒಂದಕ್ಷರ ಬರುವುದಿಲ್ಲ. ಆ ಅಜ್ಜಿ ಎಲೆ ಅಡಿಕೆಯ ಡಬ್ಬಿ ತೆಗೆದು ನಡುವೆ ಇಡುತ್ತಾರೆ, ಅತ್ತೆ ಎಲೆಯ ತೊಟ್ಟು ಮುರಿದು, ನಾರು ತೆಗೆದು, ಹಿಂಭಾಗಕ್ಕೆ ಸುಣ್ಣ ಸವರಿ ಕೊಡುತ್ತಾರೆ. ಇಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಮೊಣಕಾಲು ನೋವಿನ ಸುದ್ದಿ ಹೇಳುತ್ತಾರೆ. ಅದು ನೋವಿನ ಸುದ್ದಿಯೇ ಎಂದು ಕೈಯಾಡುವ ಜಾಗ ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ಆದರೂ ಅತ್ತೆಯ ಇನ್ನೊಂದು ಪ್ರಶ್ನೆಗೆ ನನ್ನ ಶರಣಶಾಸ್ತ್ರ ಸಾಲುವುದಿಲ್ಲ. ಬಂದ ಹೊಸದರಲ್ಲಿ ಕಾಲೊನಿಯನ್ನೆಲ್ಲ ಒಂದು ಸುತ್ತು ನಡೆದು ಬಂದು ಕೇಳಿದರು: “ಈ ಊರಾಗ ಯಾರೂ ಸಾಯೂದಿಲ್ಲೇನ?” ರುದ್ರಭೂಮಿ ಕಾಣಲಿಲ್ಲ ಅವರಿಗೆ. ನಿವೃತ್ತಿಯಾದವರು ಮನೆ ಖಾಲಿ ಮಾಡಿ ಹೋಗುವ ಊರಲ್ಲಿ ಹಳಬರು ಎಂದು ಯಾರೂ ಇಲ್ಲ. ಮಾವನವರನ್ನು ಮಣ್ಣು ಮಾಡಿದ್ದು ಧಾರವಾಡದ ಹತ್ತಿರದ ನಮ್ಮ ಹೊಲದ ಮೂಲೆಯಲ್ಲಿ. ಇಬ್ಬರೂ ಚಕ್ಕಡಿ ಕಟ್ಟಿಕೊಂಡು ಉಳವಿ ಜಾತ್ರೆಗೆ ಹೋಗುತ್ತಿದ್ದ ಕಾಲದಲ್ಲಿ ಎತ್ತು ಮೇಯಿಸಿದ ಹೊಲ ಅದು. ಎಲ್ಲ ಕಡೆಯ ಮಣ್ಣೂ ಒಂದೇ ಅಲ್ಲವೇ ಅತ್ತೆ ಎಂದೆ. ಅವರು ಎದೆಯ ಮೇಲಿನ ಲಿಂಗವನ್ನು ಸೆರಗಿನಿಂದ ಮುಚ್ಚಿಕೊಂಡು, “ದೇವರು ಕೈಯಾಗ ಅದಾನ, ಮಣ್ಣು ಕೈಯಾಗ ಇರತೈತೇನ?” ಎಂದರು.

ಇಲ್ಲಿಂದ ಆ ಹೊಲಕ್ಕೆ ಸುಮಾರು 200 ಕಿಲೋಮೀಟರ್. ಏನೇ ಆದರೂ ಅಲ್ಲಿಗೇ ಒಯ್ಯುತ್ತೇವೆಂದು ಮಾತು ಕೊಟ್ಟಿದ್ದೇವೆ. ಊರು ಬೆಳೆದು ಲೇಔಟುಗಳು ಹತ್ತಿರ ಬಂದಿವೆ, ಹೊಲ ಮಾರೋಣವೆಂದು ಮೈದುನ ಎರಡು ಸಲ ಫೋನ್ ಮಾಡಿದ್ದಾರೆ. ಆ ಮೂಲೆಯನ್ನೂ, ಅಲ್ಲಿಗೆ ಹೋಗುವ ಬಂಡಿದಾರಿಯನ್ನೂ ಬೇರೆ ಅಳತೆ ಮಾಡಿಸಿ ಅತ್ತೆಯ ಹೆಸರಿಗೆ ಉಳಿಸದ ಹೊರತು ಸಹಿ ಹಾಕಬೇಡಿ ಎಂದು ನಮ್ಮವರಿಗೆ ಹೇಳಿದ್ದೇನೆ.