ಗಂಟಲಿನ ಆಶೀರ್ವಾದ ಮತ್ತು ಬಾಯಿ ತೆರೆಯುವ ಧೈರ್ಯ



ಪ್ರತಿ ವರ್ಷ ಫೆಬ್ರವರಿ 2ರಂದು ಯೇಸುಬಾಲರನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬವನ್ನು ಆಚರಿಸಿ ಮೇಣದ ಬತ್ತಿಗಳನ್ನು ಆಶೀರ್ವದಿಸುತ್ತೇವೆ. ಮರುದಿನ ಸಂತ ಬ್ಲೇಸರ ಸ್ಮರಣೆ. ಅಂದು ಗುರುಗಳು ಎರಡು ಮೇಣದ ಬತ್ತಿಗಳನ್ನು ಶಿಲುಬೆಯಾಕಾರದಲ್ಲಿ ನಮ್ಮ ಗಂಟಲಿನ ಬಳಿ ಹಿಡಿದು ಪ್ರಾರ್ಥಿಸುತ್ತಾರೆ. ಮಕ್ಕಳು, ಮುದುಕರು, ವಾರಪೂರ್ತಿ ಗುಡಿಯ ಕಡೆ ಮುಖ ಹಾಕದವರು ಕೂಡ ಅಂದು ಸಾಲಿನಲ್ಲಿ ನಿಲ್ಲುವುದನ್ನು ನೀವು ಕಂಡಿದ್ದೀರಿ.

ಸಂತ ಬ್ಲೇಸರು ನಾಲ್ಕನೆಯ ಶತಮಾನದ ಆರಂಭದಲ್ಲಿ ಸೆಬಾಸ್ತೆ ಎಂಬ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದವರು. ಇಂದು ಆ ಊರು ತುರ್ಕಿ ದೇಶದಲ್ಲಿದೆ. ಧರ್ಮಾಧ್ಯಕ್ಷರಾಗುವ ಮೊದಲು ಅವರು ವೈದ್ಯರಾಗಿದ್ದರೆಂದು ಸಭೆಯ ಪರಂಪರೆ ಹೇಳುತ್ತದೆ. ಸೈನಿಕರು ಅವರನ್ನು ಸೆರೆಮನೆಗೆ ಎಳೆದೊಯ್ಯುತ್ತಿದ್ದಾಗ, ಗಂಟಲಿನಲ್ಲಿ ಮೀನಿನ ಮುಳ್ಳು ಸಿಕ್ಕಿ ಉಸಿರುಕಟ್ಟುತ್ತಿದ್ದ ಮಗನನ್ನು ಒಬ್ಬ ತಾಯಿ ಅವರ ಪಾದದ ಬಳಿ ತಂದಿಟ್ಟಳಂತೆ. ಸಂತರ ಪ್ರಾರ್ಥನೆಯಿಂದ ಹುಡುಗ ಬದುಕಿದ. ಈ ಕಥೆಯಲ್ಲಿ ನಾವು ಸಂತರನ್ನು ನೆನೆಯುತ್ತೇವೆ, ಆ ತಾಯಿಯನ್ನು ಮರೆಯುತ್ತೇವೆ. ಅವಳು ಮಗನನ್ನು ಮನೆಯೊಳಗೆ ಮುಚ್ಚಿಡಲಿಲ್ಲ. ಜನರೇನೆನ್ನುವರೋ ಎಂದು ಯೋಚಿಸಲಿಲ್ಲ. ನಾಳೆ ನೋಡೋಣ ಎನ್ನಲಿಲ್ಲ. ತಂದಳು, ತೋರಿಸಿದಳು.

ಈ ವಾರ ನಿಮ್ಮ ಮುಂದೆ ಇಡಬೇಕೆಂದಿರುವ ಮಾತು ಅದೊಂದೇ: ತೋರಿಸಿ. ಗಂಟಲಿನ ಆಶೀರ್ವಾದಕ್ಕೆ ಸಾಲಿನಲ್ಲಿ ನಿಂತವರಲ್ಲಿ ಯಾರದೋ ಕೆನ್ನೆಯೊಳಗೆ ಎರಡು ತಿಂಗಳಿನಿಂದ ಮಾಯದ ಹುಣ್ಣು ಇರಬಹುದು. ಹೆಂಡತಿಗೂ ಹೇಳಿಲ್ಲ, ವೈದ್ಯರಿಗೂ ತೋರಿಸಿಲ್ಲ. ಆಶೀರ್ವಾದ ಪಡೆದು ಬಾಯಿ ಮುಚ್ಚಿಕೊಂಡು ಮನೆಗೆ ಹೋದರೆ ಆ ಮೇಣದ ಬತ್ತಿಯ ಬೆಳಕಿಗೆ ನಾವು ಕೊಟ್ಟ ಮರ್ಯಾದೆ ಎಂಥದು?

ಬಾಯಿ, ನಾಲಿಗೆ, ವಸಡು, ಗಂಟಲು, ಧ್ವನಿಪೆಟ್ಟಿಗೆ, ಮೂಗು, ಜೊಲ್ಲುಗ್ರಂಥಿ ಇವುಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗಳನ್ನು ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಎಂದು ಕರೆಯುತ್ತಾರೆ. ನಮ್ಮ ದೇಶಕ್ಕೆ ಇದು ದೂರದ ಕಾಯಿಲೆಯಲ್ಲ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ 1,40,000ಕ್ಕೂ ಹೆಚ್ಚು ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ತಗುಲಿತು. ನಮ್ಮ ಗಂಡಸರಲ್ಲಿ ಬೇರೆಲ್ಲ ಕ್ಯಾನ್ಸರ್‌ಗಳಿಗಿಂತ ಇದೇ ಮುಂದು. ಕಾರಣವೂ ಗುಟ್ಟಲ್ಲ: ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಬೀಡಿ, ಸಿಗರೇಟು, ಸಾರಾಯಿ. ತಂಬಾಕಿನೊಡನೆ ಮದ್ಯವೂ ಸೇರಿದರೆ ಅಪಾಯ ಹಲವು ಪಟ್ಟು ಬೆಳೆಯುತ್ತದೆ.

ಒಂದು ಕಹಿ ಸತ್ಯವನ್ನೂ ಹೇಳಬೇಕು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2003ರಲ್ಲೇ ತೀರ್ಮಾನಿಸಿದರು. ಮಲೆನಾಡಿನ ಮತ್ತು ಕರಾವಳಿಯ ನಮ್ಮ ಎಷ್ಟೋ ಕುಟುಂಬಗಳ ಅನ್ನ ಅಡಿಕೆ ತೋಟದಿಂದಲೇ ಬರುತ್ತದೆ. ತೋಟದಲ್ಲಿ ಬೆವರು ಸುರಿಸುವವನನ್ನು ಇಲ್ಲಿ ಯಾರೂ ದೂಷಿಸುತ್ತಿಲ್ಲ. ಆದರೆ ಬೆಳೆದ ಕೈಗೆ ಗೊತ್ತಿರಬೇಕಾದದ್ದು ಜಗಿಯುವ ಬಾಯಿಗೂ ಗೊತ್ತಿರಬೇಕು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಬಳಿಕ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಮಾರಾಟಕ್ಕೆ ಬಂದವು. ಎರಡನ್ನೂ ಬೆರೆಸುವ ಕೈ ನಮ್ಮದೇ, ನಮ್ಮ ಮಗನದೇ.

ಹಾಗಾದರೆ ಯಾವ ಗುರುತುಗಳನ್ನು ನೋಡಬೇಕು? ಕತ್ತರಿಸಿ ಇಟ್ಟುಕೊಳ್ಳಿ. ಮೂರು ವಾರವಾದರೂ ಮಾಯದ ಬಾಯಿಹುಣ್ಣು. ಕೆನ್ನೆಯೊಳಗೆ, ನಾಲಿಗೆಯ ಅಂಚಿನಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ. ಮೊದಲಿನಷ್ಟು ಬಾಯಿ ತೆರೆಯಲಾಗದಿರುವುದು, ಖಾರ ತಾಳಲಾಗದ ಉರಿ. ಕಾರಣವಿಲ್ಲದೆ ಸಡಿಲವಾದ ಹಲ್ಲು. ಮೂರು ವಾರ ಮೀರಿದ ಗೊಗ್ಗರು ಧ್ವನಿ. ನುಂಗುವಾಗ ತಡೆ ಅಥವಾ ನೋವು. ಒಂದೇ ಕಿವಿಯಲ್ಲಿ ಬಿಡದ ನೋವು. ಒಂದೇ ಹೊಳ್ಳೆಯಲ್ಲಿ ರಕ್ತ ಅಥವಾ ಕಟ್ಟಿದ ಮೂಗು. ಕುತ್ತಿಗೆಯಲ್ಲಿ ಗಂಟು. ಗಂಟು ನೋಯುವುದಿಲ್ಲವೆಂದು ಸುಮ್ಮನಿರಬೇಡಿ. ಕ್ಯಾನ್ಸರಿನ ಗಂಟು ಮೊದಲಿಗೆ ನೋಯದಿರುವುದೇ ಹೆಚ್ಚು. ಇವೆಲ್ಲ ಕ್ಯಾನ್ಸರೇ ಎಂದಲ್ಲ, ಬಹಳಷ್ಟು ಬೇರೆ ಸಣ್ಣ ಕಾರಣಗಳಿಂದ ಬರುತ್ತವೆ. ಆದರೆ ಅದನ್ನು ಹೇಳಬೇಕಾದವರು ವೈದ್ಯರು, ಪಕ್ಕದ ಮನೆಯವರಲ್ಲ.

ತಿಂಗಳ ಮೊದಲ ಶುಕ್ರವಾರ ನೀವು ಯೇಸುವಿನ ಪವಿತ್ರ ಹೃದಯಕ್ಕೆ ಭಕ್ತಿ ಸಲ್ಲಿಸುವವರಲ್ಲವೇ? ಆತ್ಮಶೋಧನೆ ಮಾಡಿಕೊಳ್ಳುವ ಆ ದಿನವೇ ಕನ್ನಡಿಯ ಮುಂದೆ ನಿಂತು, ಕೈಯಲ್ಲೊಂದು ಟಾರ್ಚು ಹಿಡಿದು ಬಾಯನ್ನೂ ಶೋಧಿಸಿ. ತುಟಿಯ ಒಳಭಾಗ, ಎರಡೂ ಕೆನ್ನೆ, ನಾಲಿಗೆಯ ಮೇಲೆ, ಕೆಳಗೆ, ಅಂಚು, ಅಂಗಳ. ಬಳಿಕ ಬೆರಳಿನಿಂದ ಕುತ್ತಿಗೆಯ ಎರಡೂ ಬದಿ. ಎರಡು ನಿಮಿಷದ ಕೆಲಸ. ಅನುಮಾನ ಕಂಡರೆ ದಂತವೈದ್ಯರ ಬಳಿಗೋ ಕಿವಿ, ಮೂಗು, ಗಂಟಲಿನ ವೈದ್ಯರ ಬಳಿಗೋ ಹೋಗಿ. ತಂಬಾಕು, ಅಡಿಕೆಯ ಅಭ್ಯಾಸವಿರುವವರು ಏನೂ ಕಾಣದಿದ್ದರೂ ಆಗಾಗ ತೋರಿಸಿಕೊಳ್ಳುವುದು ಮೇಲು.

ಬಾಯಿ ನೋಡುವುದರಿಂದ ಏನಾದೀತು ಎನ್ನುವಿರಾ? ಪಕ್ಕದ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಒಂದು ದೊಡ್ಡ ಅಧ್ಯಯನ ನಡೆಯಿತು. ವೈದ್ಯರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆಯಾಗಿತ್ತು. ಕಣ್ಣಿನಿಂದ ನೋಡಿದ್ದಷ್ಟೇ! ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆ ನಮ್ಮ ಹಿರಿಯರದು. ಈ ಕಾಯಿಲೆಯಲ್ಲಿ ಉಗುರಿನ ಕಾಲ ಕಳೆದ ಮೇಲೆ ಕೊಡಲಿಯೇ ಗತಿ.

ವೈದ್ಯರು ಅನುಮಾನ ಪಟ್ಟರೆ ಹುಣ್ಣಿನಿಂದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಇದೇ ಬಯಾಪ್ಸಿ. ಕುತ್ತಿಗೆಯ ಗಂಟಾದರೆ ತೆಳ್ಳನೆಯ ಸೂಜಿ ಚುಚ್ಚಿ ಜೀವಕೋಶಗಳನ್ನು ತೆಗೆಯುತ್ತಾರೆ. ಗಂಟಲಿನ ಆಳವನ್ನು ದುರ್ಬೀನಿನಿಂದ ನೋಡುತ್ತಾರೆ. ರೋಗ ಎಲ್ಲಿಯವರೆಗೆ ಹಬ್ಬಿದೆಯೆಂದು ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಹೇಳುತ್ತದೆ. ‘ಚಾಕು ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ’ ಎಂಬ ಮಾತನ್ನು ನಂಬಿ ಎಷ್ಟೋ ಜನ ಬಯಾಪ್ಸಿಗೆ ಹೆದರಿ ಓಡುತ್ತಾರೆ. ದಯವಿಟ್ಟು ಅದನ್ನು ನಂಬಬೇಡಿ. ಹಾಗೆ ಓಡಿದವರು ಆರು ತಿಂಗಳು ಬಿಟ್ಟು ಮರಳಿ ಬಂದಾಗ ಹರಡಿರುವುದು ತಡಮಾಡಿದ್ದರಿಂದ, ಚಾಕುವಿನಿಂದಲ್ಲ.

ಚಿಕಿತ್ಸೆಯ ವಿಷಯ. ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಮೊದಲು. ಧ್ವನಿಪೆಟ್ಟಿಗೆಯ ಆರಂಭದ ಕ್ಯಾನ್ಸರನ್ನು ವಿಕಿರಣದಿಂದಲೋ ಲೇಸರಿನಿಂದಲೋ ಗುಣಪಡಿಸಿ ಧ್ವನಿಯನ್ನು ಉಳಿಸಬಹುದು. ಬೆಳೆದ ರೋಗಕ್ಕೆ ಶಸ್ತ್ರಕ್ರಿಯೆ, ವಿಕಿರಣ, ಔಷಧಿಗಳನ್ನು ಸೇರಿಸಬೇಕಾಗುತ್ತದೆ. ವಿಕಿರಣವೆಂದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ. ಬಾಯಿ ಹುಣ್ಣಾಗುತ್ತದೆ, ರುಚಿ ಹೋಗುತ್ತದೆ, ಜೊಲ್ಲು ಒಣಗುತ್ತದೆ. ಬಹಳ ಮಂದಿ ನಡುವೆ ಬಿಟ್ಟುಬಿಡುವುದು ಇಲ್ಲಿಯೇ. ಬಿಡಬಾರದು, ನಡುವೆ ತಡೆದರೆ ಗುಣವಾಗುವ ಸಾಧ್ಯತೆಯೇ ಕುಗ್ಗುತ್ತದೆ. ಕತ್ತರಿಸಿದ ದವಡೆಯನ್ನು ಕಾಲಿನ ಮೂಳೆಯಿಂದ, ನಾಲಿಗೆಯನ್ನು ಮುಂಗೈಯ ಚರ್ಮದಿಂದ ಮತ್ತೆ ಕಟ್ಟಿಕೊಡುವ ವಿದ್ಯೆ ಇಂದು ನಮ್ಮಲ್ಲಿದೆ.

ಇನ್ನೊಂದು ವಿಷಯ. ಬಾಯಿಯ ಸಣ್ಣ ಹುಣ್ಣಿಗೆ ಕುತ್ತಿಗೆಯನ್ನೂ ಏಕೆ ಕೊಯ್ಯಬೇಕೆಂದು ಮನೆಯವರು ತಕರಾರು ತೆಗೆಯುವುದುಂಟು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಇದನ್ನೇ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಕುತ್ತಿಗೆಯಲ್ಲಿ ಗಂಟು ಕಾಣದಿದ್ದರೂ ಮೊದಲ ಶಸ್ತ್ರಕ್ರಿಯೆಯಲ್ಲೇ ಅಲ್ಲಿನ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ನೂರಕ್ಕೆ 80. ಗಂಟು ಕಾಣಿಸಿದ ಮೇಲೆ ತೆಗೆದರಾಯಿತೆಂದು ಕಾದವರಲ್ಲಿ ಸುಮಾರು 67. ವೈದ್ಯರ ಮಾತಿಗೆ ಹೀಗೆ ಕಾರಣವಿರುತ್ತದೆ, ಕೇಳಿ ತಿಳಿದುಕೊಳ್ಳಿ.

ಖರ್ಚಿನ ಭಯ ನಿಜವೇ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಸರ್ಕಾರಿ ಕಿದ್ವಾಯಿ ಸಂಸ್ಥೆ ಬಡವರಿಗಾಗಿಯೇ ಇದೆ. ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ತಂಬಾಕು ಬಿಡಲು ನೆರವು ಬೇಕಾದವರು 1800-112-356 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಬಹುದು.

ಈಗ ವಿಶ್ವಾಸದ ಮಾತಿಗೆ ಬರೋಣ. ವೈದ್ಯರು ದಿನ ಗೊತ್ತುಮಾಡಿದ ಮೇಲೂ ‘ಪ್ರಾರ್ಥನಾ ಕೂಟಕ್ಕೆ ಹೋಗಿ ಬರುತ್ತೇನೆ, ದೇವರು ಗುಣಪಡಿಸುತ್ತಾನೆ’ ಎಂದು ಚಿಕಿತ್ಸೆಯನ್ನು ಮುಂದೂಡುವವರು ನಮ್ಮ ನಡುವೆ ಇದ್ದಾರೆ. ಪ್ರಾರ್ಥಿಸಿ, ಖಂಡಿತ ಪ್ರಾರ್ಥಿಸಿ. ಆದರೆ ದೇವರಿಗೂ ವೈದ್ಯನಿಗೂ ಜಗಳ ತಂದಿಡಬೇಡಿ. ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಇಂದು ರಾತ್ರಿ ಮನೆಯಲ್ಲಿ ಓದಿ. ಕಾಯಿಲೆ ಬಿದ್ದಾಗ ಪ್ರಾರ್ಥಿಸಬೇಕೆಂದೂ, ವೈದ್ಯನಿಗೆ ಅವನ ಸ್ಥಾನ ಕೊಡಬೇಕೆಂದೂ ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ. ರೋಗಿಗಳ ಅಭ್ಯಂಗವೂ ಹಾಗೆಯೇ. ಅದು ಕೊನೆಯುಸಿರಿನ ಸಂಸ್ಕಾರ ಮಾತ್ರವಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿದೆ. ದೊಡ್ಡ ಶಸ್ತ್ರಚಿಕಿತ್ಸೆಯ ಮುನ್ನ ಅದನ್ನು ಬೇಡಿ ಪಡೆಯಿರಿ. ಗುರುಗಳು ಮನೆಗೆ ಬಂದರೆ ಸಾವು ಬಂತೆಂದು ಹೆದರಬೇಡಿ.

ಕುಟುಂಬದವರಿಗೆ ಒಂದು ಮಾತು. ಈ ಕಾಯಿಲೆ ಮುಖದ ಮೇಲೆಯೇ ಬರೆಯುತ್ತದೆ. ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಕೆಲವೊಮ್ಮೆ ವಾಸನೆಯೂ ಇರುತ್ತದೆ. ರೋಗಿಗೆ ಬೇರೆ ತಟ್ಟೆ, ಬೇರೆ ಮೂಲೆ ಮಾಡುವ ಮನೆಗಳಿವೆ. ಇದು ಅಂಟುರೋಗವಲ್ಲ. ‘ಜಗಿದೆ, ಈಗ ಅನುಭವಿಸು’ ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ಆ ಮಾತಿಗೆ ಹೆದರಿಯೇ ಎಷ್ಟೋ ಜನ ಹುಣ್ಣನ್ನು ಮುಚ್ಚಿಡುತ್ತಾರೆ. ಸಂತ ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಕಿವುಡನೂ ತೊದಲನೂ ಆದ ಒಬ್ಬನನ್ನು ಜನರು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾರೆ. ಪ್ರಭು ಅವನನ್ನು ಗುಂಪಿನಿಂದ ಬೇರೆಯಾಗಿ ಕರೆದೊಯ್ದು ಅವನ ಕಿವಿಯನ್ನೂ ನಾಲಿಗೆಯನ್ನೂ ಮುಟ್ಟುತ್ತಾರೆ. ಆ ಬಾಯಿಗೆ ಅವರು ಅಸಹ್ಯಪಡಲಿಲ್ಲ. ನಾವೇಕೆ ಪಡಬೇಕು?

ಕೆಲವರು ಧ್ವನಿಪೆಟ್ಟಿಗೆಯನ್ನೇ ಕಳೆದುಕೊಳ್ಳಬೇಕಾಗುತ್ತದೆ. ಅಂಥವರು ಬಲಿಪೂಜೆಯಲ್ಲಿ ಉತ್ತರಿಸಲಾಗದೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಾರೆ. ಅವರಿಗೆ ಮತ್ತೆ ಮಾತು ಕೊಡುವ ಸಣ್ಣ ಕವಾಟಗಳಿವೆ. ಬೆಂಗಳೂರಿನ ಶಸ್ತ್ರವೈದ್ಯ ವಿಶಾಲ್ ರಾವ್ ಬಡವರಿಗಾಗಿ ಸುಮಾರು 50 ರೂಪಾಯಿ ಬೆಲೆಯ ಅಂಥ ಒಂದು ಸಾಧನವನ್ನು ರೂಪಿಸಿದ್ದು ದೇಶವಿದೇಶಗಳಲ್ಲಿ ಸುದ್ದಿಯಾಗಿತ್ತು. ಮಾತು ಮರಳದಿದ್ದರೂ ಎದೆಗುಂದಬೇಡಿ. ಜಕರೀಯನು ಮೂಕನಾಗಿದ್ದಾಗ ಹಲಗೆ ತರಿಸಿ ಮಗನ ಹೆಸರನ್ನು ಬರೆದು ತೋರಿಸಿದನಲ್ಲವೇ? ದೇವರು ಆ ಬರಹವನ್ನು ಕೇಳಿಸಿಕೊಂಡರು. ತುಟಿ ಅಲುಗದ ಜಪಮಾಲೆಯೂ ಜಪಮಾಲೆಯೇ.

ಆದುದರಿಂದ, ಪ್ರಿಯರೇ, ಮುಂದಿನ ಸಂತ ಬ್ಲೇಸರ ಹಬ್ಬದವರೆಗೆ ಕಾಯಬೇಡಿ. ನಿಮ್ಮ ಬಾಯಲ್ಲಿ ಮಾಯದ ಹುಣ್ಣಿದ್ದರೆ ಇಂದು ಮನೆಯಲ್ಲಿ ಹೇಳಿ, ಸೋಮವಾರ ವೈದ್ಯರಿಗೆ ತೋರಿಸಿ. ಒಬ್ಬರೇ ಹೋಗಲು ಭಯಪಡುವ ನೆರೆಯವರಿದ್ದರೆ ನೀವೇ ಜೊತೆಯಲ್ಲಿ ಹೋಗಿ; ಒಂದು ದಿನದ ಕೂಲಿ ಹೋದರೂ ಒಂದು ಜೀವ ಉಳಿಯಬಹುದು. ಆ ತಾಯಿ ಮಗನನ್ನು ತಂದು ತೋರಿಸಿದಂತೆ ನಾವೂ ನಮ್ಮವರನ್ನು ಕರೆದುಕೊಂಡು ಹೋಗೋಣ. ಸಂತ ಬ್ಲೇಸರ ಪ್ರಾರ್ಥನೆಯೂ ದಯಾಮಯ ದೇವರ ಆಶೀರ್ವಾದವೂ ನಮ್ಮೆಲ್ಲರ ಮೇಲಿರಲಿ.