ಸಹಿಸಿಕೊಳ್ಳುವುದು ಧರ್ಮವೇ?

ಮನೆಯವರಿಂದಲೇ ಹಿಂಸೆ ಪಡುವ ಹಿರಿಯರು ಬಾಯಿ ಬಿಡದಿರಲು ಅನೇಕ ಸಲ ಧರ್ಮದ ಮಾತೇ ಕಾರಣವಾಗುತ್ತದೆ. 'ಪಡೆದು ಬಂದದ್ದು', 'ಎಲ್ಲ ನನ್ನ ಕರ್ಮ', 'ಹೆತ್ತ ಮಗನ ಮೇಲೆ ದೂರು ಕೊಟ್ಟ ಪಾಪ ಬೇಡ' ಎನ್ನುತ್ತಾರೆ. ಧರ್ಮ ನಿಜಕ್ಕೂ ಈ ಸಹನೆಯನ್ನು ಕೇಳುತ್ತದೆಯೇ?

ಕರ್ಮದ ವಿಚಾರವನ್ನೇ ತೆಗೆದುಕೊಳ್ಳಬಹುದು. ತಾಯಿ ಉಣ್ಣುತ್ತಿರುವ ನೋವು ಅವಳ ಹಿಂದಿನ ಕರ್ಮದ ಫಲವೆಂದೇ ಇಟ್ಟುಕೊಳ್ಳೋಣ. ಆದರೂ ಅವಳ ಮೇಲೆ ಎತ್ತಿದ ಕೈ ಇಂದು ಮಾಡುತ್ತಿರುವುದು ಹೊಸ ಕರ್ಮ. ಅದನ್ನು ತಡೆಯದೆ ಬಿಟ್ಟರೆ ಮಗನ ಪಾಪದ ಹೊರೆ ಬೆಳೆಯುತ್ತದೆ. ಅವನ ಒಳಿತಿಗಾಗಿಯೇ ಮಾತಾಡಬೇಕೆಂದು ಅದೇ ಸಿದ್ಧಾಂತದಿಂದ ತೋರಿಸಬಹುದು; ನೆರೆಯವರು ಕೈಕಟ್ಟಿ ಕೂರುವುದಕ್ಕಂತೂ ಅದರಲ್ಲಿ ಆಧಾರವಿಲ್ಲ.

ಹಿಂಸೆಯೆಂದರೆ ಹೊಡೆತ ಮಾತ್ರವಲ್ಲ ಎಂಬುದೂ ಹಳೆಯ ತಿಳಿವು. ಮುಪ್ಪಿನ ತಂದೆತಾಯಿಯ ಮುಂದೆ ಬೇಸರದ ಒಂದು ಉದ್ಗಾರವೂ ಕೂಡದೆಂದು ಕುರಾನಿನ 17ನೆಯ ಅಧ್ಯಾಯ ವಿಧಿಸುತ್ತದೆ. ಸಾಕುಪ್ರಾಣಿಗೂ ಮನುಷ್ಯ ಆಹಾರ ಹಾಕುತ್ತಾನೆ, ಗೌರವವಿಲ್ಲದೆ ಹಾಕಿದ ಅನ್ನಕ್ಕೂ ಅದಕ್ಕೂ ಏನು ಭೇದ ಎಂಬುದು ಕನ್‌ಫ್ಯೂಷಿಯಸ್‌ನ ಪ್ರಶ್ನೆ. 'ಹೊತ್ತಿಗೆ ಊಟ ಹಾಕುತ್ತಿಲ್ಲವೇ' ಎನ್ನುವ ಮಕ್ಕಳಿಗೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು.

ಹಿರಿಯರು ಹೇಳದಿದ್ದಾಗ ಗುರುತಿಸುವ ಹೊಣೆ ಸುತ್ತಲಿನವರದು. ಏನು ಕೇಳಿದರೂ ಮಗನ ಮುಖ ನೋಡಿ ಉತ್ತರಿಸುವುದು, ಪಿಂಚಣಿಯ ಪಾಸ್‌ಬುಕ್ ಬೇರೆಯವರ ಕೈಯಲ್ಲಿರುವುದು, ಒಡೆದ ಕನ್ನಡಕ ತಿಂಗಳುಗಟ್ಟಲೆ ಹಾಗೇ ಉಳಿಯುವುದು, 'ಬಚ್ಚಲಲ್ಲಿ ಜಾರಿದೆ' ಎಂಬ ಮಾತಿಗೆ ಹೊಂದದ ಬಾಸುಂಡೆ. ಒಂದೇ ಲಕ್ಷಣ ಸಾಕ್ಷಿಯಾಗದು. ಹಾಸಿಗೆ ಹಿಡಿದವರಿಗೆ ಚೆನ್ನಾಗಿ ನೋಡಿಕೊಂಡರೂ ಬೆನ್ನಹುಣ್ಣು ಆಗಬಹುದು. ಅದಕ್ಕೇ ಅವರೊಬ್ಬರೇ ಇದ್ದಾಗ, ಅವಸರವಿಲ್ಲದೆ ಮಾತಾಡಿಸಬೇಕು.

ಕಾನೂನಿನ ನೆರವೂ ಇದೆ. 2007ರ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯಂತೆ 60 ತುಂಬಿದವರು ಜೀವನಾಂಶಕ್ಕಾಗಿ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಕರ್ನಾಟಕದಲ್ಲಿ ಅದರ ವಿಚಾರಣೆ ಉಪವಿಭಾಗಾಧಿಕಾರಿಯ ಮುಂದೆ ನಡೆಯುತ್ತದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಷರತ್ತು ಮುರಿದರೆ, 23ನೆಯ ಸೆಕ್ಷನ್ ಅಡಿ ರದ್ದುಪಡಿಸಲು ಅವಕಾಶವಿದೆ. ಹಿರಿಯರ ಸಹಾಯವಾಣಿ 14567.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬುದ್ಧಿ ಸ್ಥಿಮಿತದಲ್ಲಿರುವ ಹಿರಿಯರ ಪರವಾಗಿ ಬೇರೆಯವರೇ ಎಲ್ಲ ತೀರ್ಮಾನಿಸಿದರೆ ಅವರ ಮಾತು ಮತ್ತೊಮ್ಮೆ ಕಸಿದಂತೆ. ಹೊಡೆತ ನಿಲ್ಲಲಿ, ಮೊಮ್ಮಕ್ಕಳ ಮನೆ ಮಾತ್ರ ತಪ್ಪದಿರಲಿ ಎಂದು ಅಜ್ಜಿ ಕೇಳಿದರೆ ನೆರವು ಆ ಇಚ್ಛೆಯಿಂದಲೇ ಶುರುವಾಗಬೇಕು. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಒಪ್ಪಿಗೆಗೆ ಕಾಯದೆ 112ಕ್ಕೆ ಕರೆ ಮಾಡಬೇಕು.